ಭಾಮಾಳ ಪಾಳಿ

ಹುಲಿಗೆವ್ವನ ಮಗಳು ಭಾಮಾ ಮಷೀನು ನಡೆಸುತ್ತಾಳೆ ಎಂಬ ಸಂಗತಿ ವಿಮಾನ ನಗರದ ಹಿಂಬದಿಯ ಆ ತಗಡಿನ ಮನೆಗಳ ಸಾಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹುಲಿಗೆವ್ವನೇ ಹೇಳುತ್ತಿದ್ದಳು. ಯಾದಗಿರಿ ಕಡೆಯಿಂದ ಗಂಡ ಗುರಣ್ಣನ ಬೆನ್ನು ಹಿಡಿದು ಪುಣೆಗೆ ಬಂದವಳು ಅವಳು. ವರ್ಷಗಟ್ಟಲೆ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ, ಮರಳು ಹೊತ್ತು, ಸೊಂಟ ಕೈಕೊಟ್ಟ ಮೇಲೆ ಮನೆಯಲ್ಲೇ ಕೂತು ಜೋಳದ ರೊಟ್ಟಿ ಬಡಿಯತೊಡಗಿದ್ದಳು. ಹೆಂಡರು ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಕೂಲಿಯಾಳುಗಳು ಬೆಳಿಗ್ಗೆ ಬಂದು ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ರೊಟ್ಟಿಯ ಜೊತೆಗೆ ಪ್ರತಿಯೊಬ್ಬರಿಗೂ ಮಗಳ ಸುದ್ದಿಯೂ ಸಿಗುತ್ತಿತ್ತು.

"ಕಬ್ಬಿಣ ಸವತಿಕಾಯಿ ಸುಲಿದಂಗ ಸುಲೀತಾಳ ನಮ್ಮ ಭಾಮಿ. ಲೇಥ್ ಅಂತಾರ ಅದಕ್ಕ."

ಪಕ್ಕದ ಮನೆಯ ಶರಣಮ್ಮ ಇದನ್ನು ಕೇಳಿ ಕೇಳಿ ಬೇಸತ್ತಿದ್ದಳು. "ಹಂಗಾರ ನಮ್ಮ ಕೊಡ ತೂತು ಬಿದ್ದದ, ನಿನ್ನ ಮಗಳ ಕೈಲೆ ಬೆಸಿಗಿ ಹಾಕಿಸಿ ಕೊಡಬೇ," ಎನ್ನುವಳು.

"ಆಕಿ ಇಂಜಿನಿಯರ್ ಆಗಾಕ ಹೊಂಟಾಳ, ಕೊಡ ಬೆಸಿಯಾಕಲ್ಲ."

"ಕೊಡ ಬೆಸಿಯಾಕ ಬರಲಾರದ ಇಂಜಿನಿಯರ್ ತಗೊಂಡು ಏನ್ ಮಾಡೋದು ತಾಯಿ," ಎಂದು ಶರಣಮ್ಮ ಖಾಲಿ ಕೊಡ ಬಡಿಯುತ್ತಾ ನಲ್ಲಿಗೆ ಹೋಗುವಳು.

ಭಾಮಾ ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾದ ಎರಡನೇ ವರ್ಷದಲ್ಲಿದ್ದಳು. ಮುನಿಸಿಪಾಲಿಟಿಯ ಮರಾಠಿ ಶಾಲೆಯಲ್ಲಿ ಓದಿ, ಮನೆಯಲ್ಲಿ ಕನ್ನಡ ಆಡಿ, ಕಾಲೇಜಿನಲ್ಲಿ ಇಂಗ್ಲಿಷ್ ಪುಸ್ತಕದ ಮುಂದೆ ಕೂತ ಹುಡುಗಿ. ವರ್ಕ್‌ಶಾಪಿನ ಅವಳ ಗುಂಪಿನಲ್ಲಿ ಹುಡುಗಿ ಅಂದರೆ ಅವಳೊಬ್ಬಳೇ. ಅವಳಂಥವರು ಅಂಥ ಕಾಲೇಜುಗಳಲ್ಲಿ ಹೇಗೆ ದಿನ ಕಳೆಯುತ್ತಾರೆ, ಏನು ಕಂಡಿದ್ದಾರೆ, ಏನು ಉಂಡಿದ್ದಾರೆ ಎಂದು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಲು ಶೈಲಶ್ರೀ ಎಂಬುವರು ಓಡಾಡುತ್ತಿದ್ದರು. ಪುಣೆಯಲ್ಲೇ ಬೆಳೆದ ಧಾರವಾಡದವರ ಮಗಳು. ಇದೇ ವಿಷಯದ ಮೇಲೆ ಯುನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಕಾಲೇಜಿನ ಕಟ್ಟೆಯ ಮೇಲೆ ಕೂತು ಅವರು ಭಾಮಾಳ ಮಾತನ್ನು ಟೇಪಿನಲ್ಲಿ ಹಿಡಿದುಕೊಂಡು ಹೋಗಿ ಬಹಳ ದಿನವಾಗಿತ್ತು.

ಶ್ರಾವಣದ ಒಂದು ರಜೆಯ ದಿನ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಅವರು ನೇರ ಮನೆಗೇ ಬಂದರು.

"ಬರ್ರಿ ಅಕ್ಕಾರ, ಒಳಗ ಬರ್ರಿ," ಎಂದು ಹುಲಿಗೆವ್ವ ಹಿಟ್ಟಿನ ಕೈಯಲ್ಲೇ ಚಾಪೆ ಸರಿಸಿದಳು. ಭಾಮಾ ಮಾತ್ರ ಗೋಡೆಗೆ ಒರಗಿ ನಿಂತವಳು ನಿಂತೇ ಇದ್ದಳು.

"ಹುಲಿಗೆವ್ವಾರ, ಈಕಿ ಹೇಳಿದ್ದನ್ನ ನಾ ಬರಕೊಂಡೀನಿ. ಅದನ್ನ ನನ್ನ ಪುಸ್ತಕದಾಗ ಹಾಕೋದಕ್ಕ ಮೊದಲ ಈಕಿಗೆ ಓದಿ ತೋರಿಸಬೇಕು. ಇದು ನಮ್ಮ ಕೆಲಸದ ರೀತಿ. ತಪ್ಪಿದ್ದರ ತಿದ್ದಬೇಕು, ಬ್ಯಾಡಂದ್ರ ತೆಗೀಬೇಕು."

"ಹೊರಗ ಹೋಗಿ ಓದೋಣ್ರಿ ಮೇಡಮ್," ಎಂದಳು ಭಾಮಾ.

"ಈ ಮಳ್ಯಾಗ ಎಲ್ಲಿ ಹೋಗ್ತಿಯೇ?" ಹುಲಿಗೆವ್ವ ನಕ್ಕಳು. "ಓದ್ರಿ ಅಕ್ಕಾರ, ನಾನೂ ಕೇಳ್ತೀನಿ. ನನ್ನ ಮಗಳು ಹೇಳಿದ್ದು ಪುಸ್ತಕ ಆಗ್ತದಂದ್ರ ನಾ ಕೇಳಬಾರದೇನು?"

ಶೈಲಶ್ರೀ ಭಾಮಾಳ ಮುಖ ನೋಡಿದರು. "ಅವ್ವ ಕೇಳಿದ್ರ ನಡೀತದೇನು? ಖರೇ ಹೇಳು. ಇಲ್ಲಂದ್ರ ಇನ್ನೊಂದು ದಿನಾ ಬರ್ತೀನಿ." ಅವ್ವನ ಎದುರು ಇಲ್ಲ ಎನ್ನಲು ಭಾಮಾಳಿಗೆ ಬಾಯಿ ಬರಲಿಲ್ಲ. ಆಗಲಿ ಎಂದು ತಲೆ ಆಡಿಸಿದಳು.

ಶೈಲಶ್ರೀ ಓದತೊಡಗಿದರು. ಮೊದಲು ಶಾಲೆಯ ಮಾತು, ಬಸ್ಸಿನ ಮಾತು, ಇಂಗ್ಲಿಷಿನ ಭಯದ ಮಾತು. ಹುಲಿಗೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಕಾದ ಹಂಚನ್ನು ಕೆಳಗಿಳಿಸಿ, ದೇವರ ಕತೆ ಕೇಳುವವಳಂತೆ ಕೂತಳು. ಮಗಳು ಎಷ್ಟು ನೀಟಾಗಿ ಹೇಳಿದ್ದಾಳೆ ಎಂದು ಒಳಗೊಳಗೇ ಹಿಗ್ಗಿದಳು.

"ವರ್ಕ್‌ಶಾಪಿನಾಗ ಲೇಥ್ ಮುಂದ ನಿನ್ನ ಕೆಲಸ ಏನು ಅಂತ ನಾ ಕೇಳಿದೆ," ಎಂದು ಶೈಲಶ್ರೀ ಓದುತ್ತಿದ್ದಂತೆ ತಲೆಯ ಮೇಲೆ ವಿಮಾನವೊಂದು ಹಾದುಹೋಯಿತು. ತಗಡು ಗಡಗಡ ನಡುಗಿತು. ಸದ್ದು ಲೋಹಗಾಂವದ ವಿಮಾನ ನಿಲ್ದಾಣದ ಕಡೆ ಇಳಿದು ಹೋಗುವವರೆಗೆ ಮೂವರೂ ಸುಮ್ಮನೆ ಕಾದರು. ಆಮೇಲೆ ಶೈಲಶ್ರೀ ಉತ್ತರ ಓದಿದರು.

"'ನಾನು ಬರೀತೀನ್ರಿ. ಹುಡುಗ್ರು ಲೇಥ್ ನಡೆಸ್ತಾರ, ಅಳತಿ ಹೇಳ್ತಾರ, ನಾ ಬರಕೋತೀನಿ. ನಮ್ಮ ಗುಂಪಿನ ನಾಕೂ ಮಂದೀದು ಜರ್ನಲ್ ನಾನೇ ಬರಿಯೋದು. ನನ್ನ ಅಕ್ಷರ ಭಾಳ ಚಂದ ಅದಾವಂತ ವರ್ಕ್‌ಶಾಪಿನ ಏಕನಾಥ ಸರ್ ಅಂತಾರ.' ನೀನೂ ಲೇಥ್ ನಡಸೀಯೇನು ಅಂತ ಕೇಳಿದೆ. 'ಇಲ್ರಿ. ಇನ್ನೂ ಮುಟ್ಟಿಲ್ರಿ.'"

ಹುಲಿಗೆವ್ವ ಮಗಳ ಕಡೆ ನೋಡಿದಳು. ಭಾಮಾ ನೆಲ ನೋಡುತ್ತಿದ್ದಳು.

"ಅದನ್ನ ತೆಗೀರಿ ಮೇಡಮ್," ಎಂದಳು ಮೆಲ್ಲಗೆ. "ನಡಸ್ತೀನಿ ಅಂತ ಬರೀರಿ."

"ತೆಗಿ ಅಂದ್ರ ತೆಗೀತೀನವಾ, ಅದು ನಿನ್ನ ಹಕ್ಕು. ಆದರ ಇಲ್ಲದ್ದನ್ನ ಬರಿಯಾಕ ನನಗ ಬರೂದಿಲ್ಲ." ಶೈಲಶ್ರೀ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡರು. ತಾನು ಏನನ್ನೋ ಒಡೆದುಬಿಟ್ಟೆ ಎಂದು ಅವರ ಮುಖದಲ್ಲೂ ಕಂಡಿತು. "ಆ ಹುಡುಗ್ರು ನಿನಗ ಪಾಳಿ ಕೊಡೋದಿಲ್ಲ ಅಂತ ನಾ ತಿಳಕೊಂಡೆ. ಹಂಗೇ ಬರದೀನಿ."

"ಅದೂ ಖರೇ ಅಲ್ರಿ." ಭಾಮಾ ಈಗ ತಲೆ ಎತ್ತಿದಳು. "ಯಾರೂ ಬ್ಯಾಡ ಅಂದಿಲ್ಲ. ಮೊದಲ ದಿನಾ ಸರ್ ನನ್ನನ್ನೇ ಕರದ್ರು. ಮಷೀನು ಗಿರ್ ಅಂತ ತಿರುಗಾಕಹತ್ತಿತ್ತು, ನನಗ ಅಂಜಿಕಿ ಬಂತು. ಬಾಜೂಕಿನ ಹುಡುಗನೇ ಮಾಡ್ಲಿ ಅಂತ ಹಿಂದ ಸರದೆ. ಸರ್ ಅಂದ್ರು, ಹೌದು ಬಿಡು, ನಿನ್ನ ಕೊರಳಾಗಿನ ಓಢಣಿ ಮಷೀನಿನಾಗ ಸಿಕ್ಕೊಂಡೀತು, 'ಬಾಳ, ತೂ ಲಿಹೀ'. ಮಗಾ, ನೀ ಬರೀ ಅಂದ್ರು. ಅವರು ಒಳ್ಳೇರೇ ಅದಾರ. ಹುಡುಗ್ರೂ ಒಳ್ಳೇರೇ. ಚಹಾ ಕುಡ್ಯಾಕ ಹೋದ್ರ ನನಗೂ ತರ್ತಾರ. ಬೈದಿದ್ರ ಜಗಳ ಮಾಡಬಹುದಿತ್ತು. ಎಲ್ಲಾರೂ ಚಂದ ಬರೀತಿ ಚಂದ ಬರೀತಿ ಅಂದ್ರ ಏನಂತ ಕೇಳ್ಲಿ?"

ಶೈಲಶ್ರೀ ಪೆನ್ನು ತೆಗೆದು ಅಲ್ಲೇ ತಿದ್ದಿಕೊಂಡರು. "ಇದು ನನಗ ತಿಳಿದಿರಲಿಲ್ಲ ನೋಡು," ಎಂದರು.

"ಪರೀಕ್ಷಾ ಹೆಂಗ ಇರ್ತದ ಅದು?" ಎಂದು ಹುಲಿಗೆವ್ವ ಕೇಳಿದಳು.

"ದೀಪಾವಳಿ ಆದಮ್ಯಾಲ. ಹೊರಗಿನ ಮಾಸ್ತರು ಬರ್ತಾರ. ಒಬ್ಬೊಬ್ಬರನ್ನೇ ಲೇಥ್ ಮುಂದ ನಿಲ್ಲಸ್ತಾರ. ಅವತ್ತು ಬರಿಯಾಕ ಯಾರೂ ಹೇಳಂಗಿಲ್ಲ."

ಹುಲಿಗೆವ್ವ ಕೈಯ ಹಿಟ್ಟನ್ನು ಉಜ್ಜಿ ಉಜ್ಜಿ ಉದುರಿಸಿದಳು. ಕಟ್ಟಡದ ಕೆಲಸದಲ್ಲಿ ತಾನೂ ಎಷ್ಟೋ ಗೋಡೆಗಳಿಗೆ ಇಟ್ಟಿಗೆ ಹೊತ್ತು ಕೊಟ್ಟವಳು. ಒಂದು ಇಟ್ಟಿಗೆಯನ್ನಾದರೂ ಸಾಲಿನಲ್ಲಿ ಕೂರಿಸಿದವಳಲ್ಲ. ಕೂರಿಸು ಎಂದು ಯಾರೂ ಅನ್ನಲಿಲ್ಲ, ಕೂರಿಸುತ್ತೇನೆ ಎಂದು ಅವಳೂ ಅನ್ನಲಿಲ್ಲ. ಅದನ್ನು ಕೊರತೆ ಎಂದು ಅವಳು ಈ ಹೊತ್ತಿನವರೆಗೆ ಎಣಿಸಿರಲೂ ಇಲ್ಲ.

"ಅಕ್ಕಾರ, ಈ ಹಾಳಿ ಈಗ ಹಿಂಗೇ ಇರಲಿ," ಎಂದಳು. "ನಾಳೆ ಈಕಿ ಮಷೀನು ಮುಟ್ಟಿದ್ರ ಅದನ್ನೂ ಸೇರಿಸಾಕ ಬರ್ತದಿಲ್ಲೋ?"

"ಬರ್ತದ್ರಿ. ಅದಕ್ಕೇ ಮತ್ತ ಬರ್ತೀನಿ ನಾ."

ಶೈಲಶ್ರೀ ಹೋದರು. ಹುಲಿಗೆವ್ವ ಮತ್ತೆ ಹಂಚು ಏರಿಸಿದಳು. ಭಾಮಾ ಬಂದು ಪಕ್ಕದಲ್ಲಿ ಕೂತಳು.

"ಬೈಯಬೇ," ಎಂದಳು.

"ಯಾಕ ಬೈಲಿ?"

"ಸುಳ್ಳು ಹೇಳಿದೆನಲ್ಲ. ಮೊದಲ ದಿನಾನೇ ನೀ ಬಾಗಲದಾಗ ನಿಂತು ಮಷೀನು ಮುಟ್ಟಿದೇನವಾ ಅಂತ ಕೇಳಿದಿ. ನಿನ್ನ ಮುಖ ನೋಡಿ ಹೂಂ ಅಂದೆ. ಸಂಜಿಗೆ ನೀ ಶರಣಮ್ಮ ದೊಡ್ಡವ್ವಗ ಹೇಳಿದಿ. ಆಮ್ಯಾಲ ತಿರುಗಿ ಬರಾಕ ದಾರೀನೇ ಸಿಗಲಿಲ್ಲ."

ಹುಲಿಗೆವ್ವನಿಗೆ ನಗು ಬಂತು, ಕಣ್ಣೂ ಒದ್ದೆಯಾಯಿತು. "ನನ್ನ ಬಾಯೀನೂ ದೊಡ್ಡದೇ ಬಿಡು." ರೊಟ್ಟಿ ತಿರುವಿ ಹಾಕಿದಳು. "ಈಗರ ಅಂಜಿಕಿ ಅದ ಏನು?"

"ಅದ."

"ಮುಟ್ಟಬೇಕಂತ ಅನಸ್ತದ?"

ಭಾಮಾ ಹಿಟ್ಟಿನಲ್ಲಿ ಬೆರಳಾಡಿಸಿದಳು. "ದಿನಾ ಅನಸ್ತದಬೇ. ಹುಡುಗ್ರು ತಿರುಗಸೋ ಮುಂದ ನನ್ನ ಕೈ ತಾನೇ ತಿರುಗ್ತದ. ಬರಿಯೋದು ತಪ್ತದ."

"ಹಂಗಾರ ನಾ ಬಂದು ಆ ಸರ್‌ಗೆ ಒಂದು ಮಾತು ಹೇಳ್ಲಿ?"

"ಅಯ್ಯ, ಬ್ಯಾಡಬೇ! ನಿನ್ನ ಕಾಲಿಗೆ ಬೀಳ್ತೀನಿ!"

"ಆಯ್ತು, ಬರಂಗಿಲ್ಲ. ಆದರ ಓಢಣಿ ಸಿಕ್ಕೋತದ ಅಂದಾರಂದ್ರ ಆ ಮಾತು ಖರೇನೇ ಅದ. ಅದನ್ನ ಮೊದಲ ತೆಗಿಯೋಣ."

ಕಟ್ಟಡದ ಕೆಲಸಕ್ಕೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡನ ಹಳೇ ಅಂಗಿ ತೊಟ್ಟು, ಗುಂಡಿ ಹಾಕಿ, ಸೆರಗನ್ನು ಒಳಗೇ ಬಿಗಿದುಕೊಳ್ಳುತ್ತಾರೆ. ಎಲ್ಲಿಯೂ ಏನೂ ಜೋತಾಡಬಾರದು. ಹುಲಿಗೆವ್ವ ಹಗ್ಗದ ಮೇಲಿದ್ದ ಗುರಣ್ಣನ ದಪ್ಪ ಖಾಕಿ ಅಂಗಿ ತೆಗೆದು, ತೋಳನ್ನು ಮೊಳಕೈ ಮೇಲಕ್ಕೆ ಕತ್ತರಿಸಿ, ಅಂಚು ಮಡಿಸಿ ಹೊಲಿದಳು. ಮಗಳ ಮೈಗೆ ಹಿಡಿದು ನೋಡಿ, ಬಗಲಲ್ಲಿ ಇನ್ನಷ್ಟು ಬಿಗಿ ಮಾಡಿದಳು. ಜಡೆಯನ್ನು ತುರುಬು ಕಟ್ಟಿ ಮೇಲೆ ಬಟ್ಟೆ ಸುತ್ತುವುದನ್ನು ಕಲಿಸಿದಳು.

ಸಂಜೆ ಕೆಲಸದಿಂದ ಬಂದ ಗುರಣ್ಣ ಮೈ ತೊಳೆದುಕೊಂಡು ಹಗ್ಗ ತಡಕಾಡಿದ. "ನನ್ನ ಖಾಕಿ ಅಂಗಿ ಎಲ್ಲಿ ಹೋತು?"

"ಅದಕ್ಕ ಪಾಲಿಟೆಕ್ನಿಕ್‌ನಾಗ ಅಡ್ಮಿಷನ್ ಸಿಕ್ಕದ," ಎಂದಳು ಹುಲಿಗೆವ್ವ.

ಅಂಗಿ ತೊಟ್ಟು ನಿಂತ ಮಗಳನ್ನು ಗುರಣ್ಣ ಮೇಲಿನಿಂದ ಕೆಳಗೆ ನೋಡಿದ. "ಚಲೋ ಆತು. ನನಗ ಆಗಲಾರದ್ದು ಅಂಗಿಗರ ಆತು," ಎಂದು ಬನಿಯನ್ನಿನಲ್ಲೇ ಚಹಾಕ್ಕೆ ಕೂತ.

ಮರುದಿನ ವರ್ಕ್‌ಶಾಪಿತ್ತು. ಭಾಮಾ ಹೋದ ಮೇಲೆ ಹುಲಿಗೆವ್ವನ ಕೈಗೆ ರೊಟ್ಟಿ ಸರಿಯಾಗಿ ಬರಲಿಲ್ಲ. ಒಂದು ಹರಿಯಿತು, ಒಂದು ಸೀದಿತು. ರೊಟ್ಟಿಗೆ ಬಂದವರಿಗೆ ಮಗಳ ಸುದ್ದಿ ಸಿಗಲಿಲ್ಲ. ಶರಣಮ್ಮನಿಗೆ ಅದು ಕಂಡೇಬಿಟ್ಟಿತು.

"ಏನಬೇ, ಇವತ್ತ ಲೇಥ್ ಬಂದ್ ಅದ ಏನು?"

ಹುಲಿಗೆವ್ವ ಹಿಟ್ಟಿನಿಂದ ಕೈ ತೆಗೆದಳು. ಎಂದಿನ ಮಾತು ನಾಲಿಗೆಯ ತುದಿಗೇ ಬಂದಿತ್ತು. "ಭಾಮಿ ಇನ್ನೂ ಅದನ್ನ ಮುಟ್ಟಿಲ್ಲ ಶರಣಮ್ಮ," ಎಂದಳು. "ನಾ ಸುಮ್ಮನ ಅಷ್ಟೂರ ಮುಂದ ಹೇಳಕೋತ ತಿರುಗಿದೆ. ಇವತ್ತ ಕೇಳ್ತೀನಿ ಅಂತ ಹೋಗ್ಯಾಳ."

ಶರಣಮ್ಮ ಚುಚ್ಚುತ್ತಾಳೆ ಎಂದೇ ಹುಲಿಗೆವ್ವ ತಿಳಿದಿದ್ದಳು. ಆದರೆ ಅವಳು ಹೊಸ್ತಿಲಲ್ಲೇ ಕುಕ್ಕರಿಸಿ ಕೂತಳು. "ಕೇಳಾಕ ಹೋಗ್ಯಾಳ ಅಂದ್ರ ಅರ್ಧ ಆದಂಗಾತು. ನಾವು ಏನರ ಕೇಳೀವೇನು ಎಂದರ?" ಎಂದು ಹಿಟ್ಟಿನ ಪರಾತವನ್ನು ತನ್ನ ಕಡೆ ಎಳೆದುಕೊಂಡು ನಾದತೊಡಗಿದಳು.

ಭಾಮಾ ಬರುವುದು ಎಂದಿಗಿಂತ ತಡವಾಯಿತು. ಹುಲಿಗೆವ್ವ ಬಾಗಿಲಿಗೆ ಬಂದು ಒಳಗೆ ಹೋಗಿ ಮತ್ತೆ ಬಂದಳು. ಕೊನೆಗೆ ಮಳೆ ನಿಂತ ರಸ್ತೆಯ ತಿರುವಿನಲ್ಲಿ ಮಗಳು ಕಂಡಳು, ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ಬರುತ್ತಿದ್ದಳು. ಹುಲಿಗೆವ್ವ ರಸ್ತೆಗಿಳಿದು ಕೂಗಿದಳು.

"ಏನಾತೇ ಕೈಗೆ?"

"ಏನೂ ಆಗಿಲ್ಲ, ಎಣ್ಣಿ ಅದ! ಸಾಬಣಕ್ಕ ಹೋಗವಲ್ದು," ಎಂದು ಭಾಮಾ ದೂರದಿಂದಲೇ ಕೂಗಿದಳು. ಉಗುರು ಸಂದಿಯೆಲ್ಲ ಕಪ್ಪು. ಮುಂಗೈ ಮೇಲೆ ಬಿಸಿ ಕಬ್ಬಿಣದ ಸುರುಳಿ ತಾಗಿದ ಸಣ್ಣ ಕೆಂಪು ಗೆರೆ. ಮುಖ ಮಾತ್ರ ಬೆಳಗುತ್ತಿತ್ತು.

ಒಳಗೆ ಬಂದವಳು ನಿಂತುಕೊಂಡೇ ಹೇಳತೊಡಗಿದಳು. ಅಂಗಿ ನೋಡಿ ಹುಡುಗರು ಮೊದಲು ನಕ್ಕರಂತೆ. ಏಕನಾಥ ಸರ್ ನಗಲಿಲ್ಲವಂತೆ. ತೋಳು ನೋಡಿ, ತುರುಬು ನೋಡಿ, ಇದನ್ನು ಯಾರು ಹೊಲಿದರು ಎಂದು ಕೇಳಿದರಂತೆ. "ಸರ್, ಇವತ್ತ ನಾ ಮಾಡ್ತೀನಿ, ಹುಡುಗ್ರು ಬರೀಲಿ ಅಂದೆ. ಸರ್ ನನ್ನೇ ನೋಡಿದ್ರು. ಆಮ್ಯಾಲ, ಅರೇ, ನೀ ಕೇಳೇ ಇರಲಿಲ್ಲಲ್ಲವಾ, ನಿನಗ ಬರಿಯೋದೇ ಸೇರ್ತದಂತ ನಾ ತಿಳಕೊಂಡಿದ್ದೆ ಅಂದ್ರು. ಅಂದು, ಜಾಗಾ ಬಿಡ್ರೋ ಅಂತ ಎಲ್ಲಾರ್ನೂ ಸರಿಸಿದ್ರು."

"ಮತ್ತ? ಸುಲಿದೇನು?"

"ಸುಲಿದೆ. ಭಾಳ ಸುಲಿದೆ." ಭಾಮಾ ಜೋರಾಗಿ ನಕ್ಕಳು. "ಹಿಗ್ಗಿನಾಗ ಅಳತಿ ದಾಟಿ ಸುಲಿದುಬಿಟ್ಟೆ. ಕಬ್ಬಿಣ ಸಣ್ಣ ಆಗಿ ಹೋತು, ಅಷ್ಟೂ ದಂಡ. ಸರ್ ಮೂಲಿಗೆ ಒಗೀ ಅಂದ್ರು. ನಾಳೆ ಹೊಸಾದು ಕೊಡ್ತೀನಿ, ನೀನೇ ಮಾಡು ಅಂದ್ರು. ಬರಿಯಾಕ ಕೂತ ಹುಡುಗ ಗೊಣಗಕೋತ ಬರದಾನ, ಅವನ ಅಕ್ಷರ ಅವನಿಗೇ ತಿಳೀವಲ್ದು!"

"ಅಂಜಿಕಿ?"

"ಇತ್ತು. ಮೊದಲ ಸುರುಳಿ ಬರೋ ತನಕಾ ಇತ್ತು. ಆಮ್ಯಾಲ ಅದರ ಕಡೆ ನೋಡಾಕ ಪುರುಸೊತ್ತೇ ಆಗಲಿಲ್ಲ."

"ಪುಸ್ತಕದ ಅಕ್ಕಾರು ಬಂದಾಗ ಕಬ್ಬಿಣ ಕೆಟ್ಟದ್ದನ್ನೂ ಹೇಳ್ತಿ?"

"ಮೊದಲ ಅದನ್ನೇ ಹೇಳ್ತೀನಿ."

ಎಣ್ಣೆಯ ಕೈಯಲ್ಲಿ ಉಣ್ಣುವುದು ಹೇಗೆ? ಹುಲಿಗೆವ್ವ ಗಂಗಾಳದಲ್ಲಿ ರೊಟ್ಟಿ ಮುರಿದು, ಬೇಳೆ ಪಲ್ಯದಲ್ಲಿ ಅದ್ದಿ, ಮಗಳ ಬಾಯಿಗಿಟ್ಟಳು. ಭಾಮಾ ಅಗಿಯುತ್ತಲೇ ಮಾತಾಡಿದಳು: ಉಳಿ ಯಾವ ಓರೆಯಲ್ಲಿ ಹಿಡಿಯಬೇಕು, ನಾಳೆ ಎಷ್ಟೆಷ್ಟೇ ಸುಲಿಯಬೇಕು, ಎಲ್ಲಿ ನಿಲ್ಲಿಸಿ ಅಳೆಯಬೇಕು. ಹುಲಿಗೆವ್ವನಿಗೆ ಅದರಲ್ಲಿ ಅರ್ಧವೂ ತಿಳಿಯಲಿಲ್ಲ. ನಡುನಡುವೆ ಹೂಂ ಎನ್ನುತ್ತಾ, ಮಗಳ ಬಾಯಿ ಖಾಲಿಯಾಗುವುದನ್ನು ಕಾದು, ಇನ್ನೊಂದು ತುತ್ತು ಮಾಡುತ್ತಿದ್ದಳು.