ಒಬ್ಬರೇ ಅತ್ತೆ, ಎರಡು ಉತ್ತರ

ಸೊಸೆ ಆಸ್ಪತ್ರೆಯ ಸಹಾಯವಾಣಿಯಲ್ಲಿ ನರ್ಸ್. ಕಾಯಿಲೆಯವರು ಫೋನ್ ಮಾಡಿದರೆ ಏನು ಮಾಡಬೇಕೆಂದು ಹೇಳುವುದು ಅವಳ ಕೆಲಸ. ಊರೆಲ್ಲ ಅವಳ ಮಾತು ಕೇಳುತ್ತಿತ್ತು, ಅತ್ತೆಯೊಬ್ಬರನ್ನು ಬಿಟ್ಟು. ಹಿತ್ತಲ ಗಿಡ ಮದ್ದಲ್ಲ. “ಕಾಲು ಊದಿದೆ ಅತ್ತೆ, ಉಪ್ಪು ಕಮ್ಮಿ ಮಾಡಿ” ಎಂದರೆ ಅತ್ತೆ “ನೋಡೋಣ” ಎನ್ನುತ್ತಿದ್ದರು. ಸೊಸೆ ಬಸ್ ಹತ್ತಿದ ಮೇಲೆ ಅದೇ ಸಹಾಯವಾಣಿಗೆ ಫೋನ್ ಮಾಡಿ ಅದನ್ನೇ ವಿಚಾರಿಸುತ್ತಿದ್ದರು. ಅಲ್ಲಿ ಯಾವಳೋ ನರ್ಸ್ ಉಪ್ಪು ಕಮ್ಮಿ ಮಾಡಿ ಎಂದಳೋ, ಸಂಜೆ ಸೊಸೆಗೆ ಅದನ್ನು ಹೊಸ ಸುದ್ದಿಯ ಹಾಗೆ ತಿಳಿಸುತ್ತಿದ್ದರು.

“ಉಪ್ಪು ಒಳ್ಳೇದಲ್ವಂತೆ ಕಣೇ. ನರ್ಸ್ ಹೇಳಿದ್ಲು.”

“ಹೌದಾ ಅತ್ತೆ?” ಎನ್ನುತ್ತಿದ್ದಳು ನರ್ಸ್.

ಸಹಾಯವಾಣಿಯ ಕೋಣೆಯಲ್ಲಿ ಸಾಲಾಗಿ ಮೇಜುಗಳು, ಮೇಜಿಗೊಂದು ಕಂಪ್ಯೂಟರ್. ಯಾರು ಬಿಡುವಾಗಿದ್ದಾರೋ ಅವರಿಗೆ ಕರೆ ಬರುತ್ತದೆ. ಕಂಪ್ಯೂಟರ್ ಒಂದೊಂದೇ ಪ್ರಶ್ನೆ ತೋರಿಸುತ್ತದೆ, ನರ್ಸ್ ಕೇಳುತ್ತಾಳೆ, ಆ ಕಡೆಯವರು ಹೌದು ಅಥವಾ ಇಲ್ಲ ಎನ್ನುತ್ತಾರೆ. ಕೊನೆಗೆ ಒಂದು ಬಣ್ಣ ಬರುತ್ತದೆ. ಹಸಿರಾದರೆ ಮನೆಯಲ್ಲೇ ಇರಿ, ಹಳದಿಯಾದರೆ ಇವತ್ತೇ ಡಾಕ್ಟರನ್ನು ನೋಡಿ, ಕೆಂಪಾದರೆ ಆಂಬುಲೆನ್ಸ್. “ಯಾರು ಫೋನ್ ಎತ್ತಿದರೂ ಉತ್ತರ ಒಂದೇ” ಎಂದು ಮೇಲ್ವಿಚಾರಕರು ಗೋಡೆಗೆ ದೊಡ್ಡ ಅಕ್ಷರದಲ್ಲಿ ಹಾಕಿಸಿದ್ದರು. ಅತ್ತೆಗೂ ಇದು ಚೆನ್ನಾಗಿ ಗೊತ್ತಿತ್ತು. ಬಹಳ ಸಲ ಫೋನ್ ಮಾಡಿದವರು. “ಹೂಂ ಅಂದ್ರೆ ಆಸ್ಪತ್ರೆ, ಊಹೂಂ ಅಂದ್ರೆ ಮನೆ. ಅಷ್ಟೇ ಇರೋದು” ಎಂದು ಪಕ್ಕದ ಮನೆಯವರಿಗೂ ಹೇಳಿಕೊಟ್ಟಿದ್ದರು.

ಒಂದು ದಿನ ಬೆಳಿಗ್ಗೆ ಅತ್ತೆ ತಮ್ಮ ದಿಂಬಿನ ಕವರನ್ನು ತಾವೇ ತೆಗೆದು ಬಕೆಟ್‌ನಲ್ಲಿ ನೆನೆಸುತ್ತಿದ್ದರು. ಮನೆಯ ಬಟ್ಟೆ ಒಗೆಯುವುದನ್ನು ಬಿಟ್ಟು ಅವರಿಗೆ ಎಷ್ಟೋ ಕಾಲವಾಗಿತ್ತು. “ರಾತ್ರಿ ಸೆಖೆ” ಎಂದರು. ಹೊರಗೆ ಚಳಿಯಿತ್ತು. ತಿಂಡಿ ಅರ್ಧಕ್ಕೇ ಬಿಟ್ಟು ಎದೆಯ ಕೆಳಗೆ ಕೈ ಇಟ್ಟುಕೊಂಡು ಕೂತರು.

“ಆಸ್ಪತ್ರೆಗೆ ಹೋಗಿ ಬರೋಣ ಅತ್ತೆ.”

“ಗ್ಯಾಸಿಗೆಲ್ಲ ಆಸ್ಪತ್ರೆಗೆ ಹೋಗ್ತಾರಾ? ನೀನು ಹೊರಡು, ಬಸ್ ತಪ್ಪುತ್ತೆ.”

ಗಂಡನಿಗೆ ಹೇಳಿದಳು. “ಅಮ್ಮಂಗೆ ಗ್ಯಾಸ್ ಏನು ಹೊಸದಾ?” ಎಂದು ಅವನು ಅಂಗಡಿ ಬೀಗದ ಕೈ ತೆಗೆದುಕೊಂಡು ಹೊರಟ. ಅವಳೂ ಹೊರಟಳು. ದಾರಿಯುದ್ದಕ್ಕೂ ಅವಳ ಮನಸ್ಸು ಮನೆಯಲ್ಲೇ ಇತ್ತು.

ಮಧ್ಯಾಹ್ನದ ಊಟಕ್ಕೆ ಮುಂಚೆ ಅವಳ ಮೇಜಿನ ಫೋನ್ ಬಡಿದುಕೊಂಡಿತು.

“ಹೊಟ್ಟೆ ಮೇಲ್ಗಡೆ ಹಿಡ್ಕೊಂಡ ಹಾಗಿದೆಯಮ್ಮಾ. ಗ್ಯಾಸು. ಮನೇಲೇ ಇರಬಹುದಲ್ವಾ?”

ಅತ್ತೆಯ ದನಿ. ಅತ್ತೆಗೆ ಮಾತ್ರ ಇದು ಯಾರೆಂದು ತಿಳಿಯಲಿಲ್ಲ. ಸೊಸೆ ಆಫೀಸಿನಲ್ಲಿ ಮಾತಾಡುವಷ್ಟು ನಯವಾಗಿ ಮನೆಯಲ್ಲಿ ಎಂದೂ ಮಾತಾಡಿರಲಿಲ್ಲ.

“ಬೆವರು ಬಂತಾ ಅಮ್ಮಾ?”

“ಇಲ್ಲ.”

“ಕೈಗೆ, ದವಡೆಗೆ ನೋವು ಹರಡಿದೆಯಾ?”

“ಇಲ್ಲ.”

“ಶುಗರ್ ಇದೆಯಾ?”

“ಇಲ್ವೇ ಇಲ್ಲ.”

ಶುಗರ್ ಮಾತ್ರೆಯನ್ನು ಅವಳೇ ಬೆಳಿಗ್ಗೆ ತಟ್ಟೆಯ ಪಕ್ಕ ಇಟ್ಟು ಬಂದಿದ್ದಳು. ಪರದೆ ಹಸಿರಾಯಿತು.

“ದಿಂಬಿನ ಕವರು ಯಾಕೆ ಒಗೆದ್ರಿ?” ಎಂದಳು. ಈ ಪ್ರಶ್ನೆ ಕಂಪ್ಯೂಟರಿನಲ್ಲಿ ಇರಲಿಲ್ಲ.

“ಯಾರು?”

“ನಾನೇ ಅತ್ತೆ.”

“ಅಲ್ಲಿ ಬೇರೆ ಯಾರೂ ಇಲ್ವಾ?”

“ಎಡಗೈ ನೋಯ್ತಿದೆಯಾ ಅತ್ತೆ?”

“ಬಟ್ಟೆ ಹಿಂಡಿದ್ದಕ್ಕೆ” ಎಂದು ಅತ್ತೆ ಫೋನ್ ಇಟ್ಟರು.

ಸೊಸೆ ಹಸಿರನ್ನು ಕೆಂಪು ಮಾಡಿದಳು. ಬಣ್ಣ ಬದಲಾಯಿಸಿದರೆ ಕಾರಣ ಬರೆಯಬೇಕು. “ಅತ್ತೆ” ಎಂದು ಬರೆದಳು. ಕಂಪ್ಯೂಟರ್ ತಕರಾರು ಮಾಡಲಿಲ್ಲ.

ಅಷ್ಟರಲ್ಲಿ ಪಕ್ಕದ ಮೇಜಿನ ಫೋನ್ ಬಡಿದುಕೊಂಡಿತು. ಅಲ್ಲಿದ್ದ ಕನ್ನಡಕದ ಹುಡುಗಿ ಎತ್ತಿದಳು. ಬೆವರು ಬಂತಾ ಎಂದು ಕೇಳಿದಳು, ಕೈನೋವು ಕೇಳಿದಳು, ಶುಗರ್ ಕೇಳಿದಳು. “ಗಾಬರಿ ಏನೂ ಬೇಡ ಅಮ್ಮಾ, ಮಲಗಿ ರೆಸ್ಟ್ ತಗೊಳ್ಳಿ” ಎಂದಳು. ಆಂಬುಲೆನ್ಸ್ ಆಗಲೇ ಹೊರಟಾಗಿತ್ತು.

ಬಾಗಿಲಿಗೆ ಬಂದ ಡ್ರೈವರನ್ನು ಅತ್ತೆ ಹೊಸಿಲಲ್ಲೇ ತಡೆದರು. “ಮನೇಲೇ ಇರಿ ಅಂತ ನಿಮ್ಮೋರೇ ಈಗ ತಾನೇ ಹೇಳಿದಾರೆ.”

“ನಂಗೆ ಬೇರೆ ಥರ ಹೇಳಿದಾರಲ್ಲಮ್ಮಾ.”

“ಹಾಗಾದ್ರೆ ಮೊದಲು ನೀವು ನೀವು ಮಾತಾಡಿಕೊಂಡು ಬನ್ನಿ” ಎಂದ ಅತ್ತೆ ಅಲ್ಲೇ ಕುಸಿದು ಕೂತರು. ಮತ್ತೆ ಏಳಲಾಗಲಿಲ್ಲ. ಡ್ರೈವರೂ ಅವನ ಜೊತೆಗಾರನೂ ಎತ್ತಿಕೊಂಡು ಹೋದರು. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಇನ್ನೊಂದಿಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಮಗನಿಗೆ ಹೇಳಿದರು.

ವಾರ ಕಳೆದ ಮೇಲೆ ಮೇಲ್ವಿಚಾರಕರು ಇಬ್ಬರೂ ನರ್ಸ್‌ಗಳನ್ನು ಕರೆದು ಎರಡೂ ಕರೆಗಳನ್ನು ಕೇಳಿಸಿದರು.

“ಒಬ್ಬರೇ ರೋಗಿ, ಅದೇ ನೋವು, ಅದೇ ಕಂಪ್ಯೂಟರ್. ಉತ್ತರ ಎರಡು. ಹೇಗೆ?”

“ನಾನು ಒಂದು ಪ್ರಶ್ನೇನೂ ಬಿಡಲಿಲ್ಲ ಸರ್” ಎಂದು ಕನ್ನಡಕದವಳು ಅತ್ತೇಬಿಟ್ಟಳು.

“ನೀವು ತಪ್ಪು ಮಾಡಿಲ್ಲಮ್ಮ.” ಮೇಲ್ವಿಚಾರಕರು ಸೊಸೆಯ ಕಡೆ ತಿರುಗಿದರು. “ನಿಮ್ದೂ ತಪ್ಪು ಅನ್ನೋ ಹಾಗಿಲ್ಲ. ಆದ್ರೆ ಎಲ್ಲಾ ಕರೆಗೂ ‘ಅತ್ತೆ’ ಅಂತ ಕಾರಣ ಬರೆಯೋಕಾಗುತ್ತಾ?”

ಸೊಸೆಗೆ ಅಷ್ಟು ದಿನವೂ ನಿದ್ದೆ ಹತ್ತಿರಲಿಲ್ಲ. “ಸರ್, ಅದು ಬೇರೆ ಯಾರಾದ್ರೂ ಆಗಿದ್ರೆ ನಾನೂ ಮಲಗಿ ಅಂತಲೇ ಹೇಳ್ತಿದ್ದೆ. ಹಿಂದೆ ಎಷ್ಟು ಜನಕ್ಕೆ ಹಾಗೆ ಹೇಳಿದೀನೋ” ಎಂದಳು.

ಮುಂದಿನ ತಿಂಗಳು ಎಲ್ಲರ ಪರದೆಯ ಮೇಲೂ ಹೊಸದೊಂದು ಸಾಲು ಬಂತು: ಮನೆಯಲ್ಲಿ ಇನ್ಯಾರಾದರೂ ಇದ್ದರೆ ಅವರಿಗೂ ಫೋನ್ ಕೊಡಿ.

ಅಷ್ಟರೊಳಗೆ ಅತ್ತೆ ಮನೆಗೆ ಬಂದಿದ್ದರು. ಮೊದಲ ಸಂಜೆ ಸೊಸೆ ಮಂಚದ ತುದಿಯಲ್ಲಿ ಕೂತಿದ್ದಳು.

“ಆ ಇನ್ನೊಬ್ಬಳು ಒಳ್ಳೇ ಹುಡುಗಿ ಕಣೇ. ಏನು ಹೇಳಿದ್ರೂ ನಂಬಿದ್ಲು” ಎಂದರು ಅತ್ತೆ.

“ಹೌದು ಅತ್ತೆ. ಆಮೇಲೆ ತುಂಬಾ ಅತ್ತಳು.”

“ಪಾಪ. ಅವಳಿಗೆ ಹೇಳು, ಅವಳದೇನೂ ತಪ್ಪಿಲ್ಲ. ನಂಗೆ ಹೆದರಿಕೆ ಆಗಿತ್ತು. ಹೂಂ ಅಂದ್ರೆ ಎಲ್ಲಿ ನಿಜ ಆಗಿಬಿಡುತ್ತೋ ಅಂತ.”

ಸೊಸೆ ಹೊದಿಕೆಯನ್ನು ಅವರ ಕಾಲಿನ ಮೇಲೆ ಎಳೆದಳು.

“ಹೇಳ್ತೀನಿ ಅತ್ತೆ” ಎಂದಳು.