ಸತ್ತವನ ತಪ್ಪು

"ಕತ್ತರ್ಸೋ ಅಂದ್ರೆ ಕತ್ತರ್ಸೋ, ಬೋಳಿಮಗನೆ! ಕಿವಿ ಕೇಳಲ್ವಾ?"

ಫೋರ್‌ಮನ್ ಗ್ಲೆನ್ ಚಾಕುವಿನ ಹಿಡಿಯನ್ನು ನನ್ನ ಎದೆಗೆ ಒತ್ತಿದ. ಕಾಲ ಬಳಿ ಕ್ರೇನಿಗೆ ಸಿಕ್ಕಿಸಿ ಭಾರ ಎತ್ತುವ ಬೆಲ್ಟು ಹರಿದು ಎರಡು ತುಂಡಾಗಿ ಬಿದ್ದಿತ್ತು. ಆಚೆ, ಅದರಿಂದ ಜಾರಿ ಬಿದ್ದ ಉಕ್ಕಿನ ಕೊಳವೆಗಳ ಅಡಿಯಲ್ಲಿ, ನನ್ನ ಹಾಗೆ ಟೊಂಗಾ ದ್ವೀಪದಿಂದ ಕೆಲಸಕ್ಕೆ ಬಂದಿದ್ದ ನಮ್ಮ ಫಲಕಿಕೊ. ಆಂಬುಲೆನ್ಸಿನವರು ನಾಡಿ ನೋಡಿ, ಬಿಳಿ ಬಟ್ಟೆ ಹೊದಿಸಿ, ಹೊರಗೆ ನಿಂತು ಪೊಲೀಸರಿಗೆ ಫೋನ್ ಮಾಡುತ್ತಿದ್ದರು.

ಸವೆದ ಬೆಲ್ಟನ್ನು ಚೂರು ಮಾಡಿ ತೊಟ್ಟಿಗೆ ಹಾಕಬೇಕು, ಮತ್ತೊಬ್ಬರ ಕೈಗೆ ಸಿಗಬಾರದು. ಮೆಲ್ಬರ್ನಿನ ಈ ಕಾರ್ಖಾನೆಯ ಗೋಡೆಯ ಮೇಲೇ ಹಾಗೆ ಬರೆದಿದೆ. ಸೋಮವಾರ ಇದರ ಅಂಚು ಕಿತ್ತುಹೋಗಿದ್ದನ್ನು ಗ್ಲೆನ್‌ಗೆ ತೋರಿಸಿ, ಕತ್ತರಿಸಲು ಚಾಕು ಕೇಳಿದ್ದೆ. "ಹೊಸದು ಬರೋತನ್ಕ ಇದ್ರಲ್ಲೇ ಎತ್ತು. ನಿಮ್ಮಪ್ಪನ ದ್ವೀಪದಿಂದ ತರಿಸ್ತೀಯಾ?" ಅಂದಿದ್ದ. ಬಾಯಿ ಮುಚ್ಚಿಕೊಂಡು ಕೊಕ್ಕೆಗೆ ಸಿಕ್ಕಿಸಿದ್ದೆ. ಇವತ್ತೂ ಸಿಕ್ಕಿಸಿದ್ದು ಇದೇ ಕೈ. ಥೂ ನನ್ನ ಜನ್ಮಕ್ಕೆ.

"ಸೋಮವಾರ ಬೇಡ ಅಂದ್ಯಲ್ಲ," ಅಂದೆ.

"ರೂಲ್ಸ್ ಕಣಯ್ಯಾ." ಗ್ಲೆನ್ ದನಿ ತಗ್ಗಿಸಿದ. "ನೋಡು ಸೆಮಿಸಿ, ಇನ್ಸ್‌ಪೆಕ್ಟರ್ ಬರ್ತಾ ಇದಾನೆ. ಫಲಕಿಕೊನೇ ಹೋಗಿ ಭಾರದ ಕೆಳಗೆ ನಿಂತ, ಅಷ್ಟೆ. ಕುಡ್ದಿದ್ನೋ ಏನೋ."

"ಒಂದು ತೊಟ್ಟು ಮುಟ್ಟಿದೋನಲ್ಲ ಕಣೋ, ಹಲ್ಕಟ್!" ವೆಲ್ಡಿಂಗ್ ಮುಖವಾಡ ಕಿತ್ತೆಸೆದು ಓಡಿಬಂದವಳು ಫಲಕಿಕೊನ ಅಕ್ಕ ಲೋಸಾ. "ಸೆಮಿಸಿ, ಆ ಬೆಲ್ಟನ್ನ ಅವ್ನಿಗೆ ಕೊಟ್ಯೋ, ನನ್ ಕಣ್ಮುಂದೆ ಬರ್ಬೇಡ!"

"ಇಬ್ರಿಗೂ ನಾಳೆಯಿಂದ ಕೆಲ್ಸ ಇಲ್ಲ. ಕೆಲ್ಸ ಹೋದ್ರೆ ವೀಸಾನೂ ಹೋಗುತ್ತೆ, ನೆನಪಿದ್ಯಾ?" ಅಂದ ಗ್ಲೆನ್.

ನೆನಪಿತ್ತು. ಆದರೆ ಬೆಲ್ಟು ತೊಟ್ಟಿ ಸೇರಿದರೆ ತಪ್ಪೆಲ್ಲ ಸತ್ತವನ ತಲೆಗೆ, ಅವನ ಹೆಸರೂ ಅವನ ಜೊತೆ ಮಣ್ಣಾಗುತ್ತಿತ್ತು.

ಟೊಂಗಾದ ನಾವು ಸಾವಿನ ಮನೆಗೆ ಸೊಂಟಕ್ಕೆ ಚಾಪೆ ಸುತ್ತಿಕೊಂಡು ಹೋಗುವವರು. ದುಃಖ ದೊಡ್ಡದಾದಷ್ಟೂ ಚಾಪೆ ಹರಕು. ಬಗ್ಗಿ ಬೆಲ್ಟಿನ ಎರಡೂ ತುಂಡು ಎತ್ತಿಕೊಂಡೆ. ಹರಿದ ಅಂಚು ಹೊರಗೆ ಕಾಣುವಂತೆ ಸೊಂಟಕ್ಕೆ ಸುತ್ತಿಕೊಂಡೆ. ಲೋಸಾಗೆ ಅರ್ಥವಾಯಿತು. ಗೊಳೋ ಎಂದು ಅಳುತ್ತಲೇ ಗಂಟು ಬಿಗಿದಳು.

"ಬಿಚ್ಚೋ!" ಗ್ಲೆನ್ ಕೈ ಹಾಕಿದ.

"ಮುಟ್ಟು ನೋಡೋಣ," ಅಂದಳು ಲೋಸಾ.

ಫಲಕಿಕೊನ ಪಕ್ಕ ಕಾಲು ಮಡಚಿ ಕೂತೆ. ನಮ್ಮವರು ಒಬ್ಬೊಬ್ಬರಾಗಿ ಯಂತ್ರ ನಿಲ್ಲಿಸಿ ಸುತ್ತ ಬಂದು ಕೂತರು. ಲೋಸಾ ನನ್ನ ಹೆಗಲ ಮೇಲೆ ಕೈಯಿಟ್ಟಿದ್ದಳು. ಇನ್ಸ್‌ಪೆಕ್ಟರ್ ಒಳಗೆ ಬಂದು, ಏನಾಯಿತು ಅಂತ ಕೇಳಿದ.

"ಈ ಬೆಲ್ಟು ಕಿತ್ತೋಗಿದೆ ಅಂತ ಸೋಮವಾರವೇ ಗೊತ್ತಿತ್ತು," ಅಂದೆ. "ಇದ್ರಲ್ಲೇ ಎತ್ತು ಅಂದೋನು ಗ್ಲೆನ್. ಗೊತ್ತಿದ್ದೂ ಸಿಕ್ಸಿದ್ದು ನಾನು."

ಲೋಸಾ ನನ್ನ ಹೆಗಲ ಮೇಲಿಂದ ಕೈ ತೆಗೆದುಕೊಂಡಳು.