ಪೆನ್ಸಿಲ್ಲಿಗೆ ಅಂಟಿಸಿದ ಚೀಟಿ

ನನ್ನ ಭಾವ ರೈಲು ಓಡಿಸುತ್ತಾರೆ. ಯಾರೇ ಸಿಕ್ಕರೂ ಮೊದಲು ಅದನ್ನು ಹೇಳಿ, ಆಮೇಲೆ ಊಟವಾಯಿತಾ ಎಂದು ಕೇಳುತ್ತಾರೆ. ಎಂಟನೇ ತರಗತಿಯಲ್ಲಿರುವ ಅವರ ಮಗನಿಗೂ ಅದೇ ಹುಚ್ಚು.

ಶಾಲೆಯಿಂದ ಕರೆ ಬಂದ ದಿನ ಭಾವ ಡ್ಯೂಟಿಯಲ್ಲಿದ್ದರು. ಅಕ್ಕ ನನ್ನ ಬಡಗಿ ಅಂಗಡಿಗೆ ಬಂದು, ಮೈಮೇಲಿನ ಮರದ ಪುಡಿ ಕೊಡವಲೂ ಬಿಡದೆ ಎಳೆದುಕೊಂಡು ಹೋದಳು. ಮುಂದೆ ಏನು ಓದಬಹುದು, ಯಾವ ಕೆಲಸ ಹಿಡಿಯಬಹುದು ಎಂದು ಮಕ್ಕಳಿಗೆ ತಿಳಿಸಲು ಶಾಲೆಯವರು ಒಬ್ಬ ಮೇಡಂ ಅವರನ್ನು ನೇಮಿಸಿದ್ದರು. ಮೀಸೆ ಮೂಡದ ಹುಡುಗರಿಗೆ ಈಗಲೇ ಯಾಕೆ ಈ ಉಸಾಬರಿ ಎಂದು ಗೊಣಗುತ್ತಲೇ ಕುಳಿತೆ.

ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ ಮೇಡಂ ಬಣ್ಣದ ಚುಕ್ಕಿಗಳ ಪುಸ್ತಕ ತೆರೆದರು. "ರೈಲು ಓಡಿಸ್ತೀನಿ ಅಂದ. ಅದಕ್ಕೆ ಏನೇನು ಬೇಕು ಅಂತ ಒಂದೊಂದೇ ನೋಡ್ತಾ ಬಂದ್ವಿ. ಈ ಚುಕ್ಕಿಗಳ ನಡುವೆ ಒಂದು ಅಂಕಿ ಇದೆ, ಇವನಿಗೆ ಕಾಣಲಿಲ್ಲ. ಕೆಂಪು ಯಾವುದು, ಹಸಿರು ಯಾವುದು ಅಂತ ಗೊತ್ತಾಗ್ತಿಲ್ಲ ಅನ್ಸುತ್ತೆ. ಕಣ್ಣಿನ ಡಾಕ್ಟರಿಗೆ ತೋರಿಸಿ."

"ಡ್ರಾಯಿಂಗಲ್ಲಿ ಒಂದು ದಿನಾನೂ ತಪ್ಪು ಮಾಡಿಲ್ಲ ನನ್ ಮಗ!" ಎಂದು ರೇಗಿದ ಅಕ್ಕ, ಅವನ ಚೀಲದಿಂದ ಬಣ್ಣದ ಪೆನ್ಸಿಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಪ್ರತಿ ಪೆನ್ಸಿಲ್ಲಿಗೂ ಒಂದು ಚೀಟಿ ಅಂಟಿತ್ತು. ಅಕ್ಕನ ಗುಂಡು ಅಕ್ಷರದಲ್ಲಿ ಕೆಂಪು, ಹಸಿರು, ಕಂದು ಎಂದು ಬರೆದಿತ್ತು.

ಆ ಚೀಟಿಗಳು ನನಗೆ ಹೊಸವಲ್ಲ. ಚಿಕ್ಕವನಿದ್ದಾಗ ಎಲೆಗೆ ಕಂದು ಬಳಿದು ಬೈಸಿಕೊಳ್ಳುತ್ತಿದ್ದೆನೆಂದು ಅಕ್ಕ ನನ್ನ ಪೆನ್ಸಿಲ್‌ಗಳಿಗೂ ಹೀಗೇ ಚೀಟಿ ಅಂಟಿಸುತ್ತಿದ್ದಳು. ಬಣ್ಣ ತಪ್ಪುವುದೆಂದರೆ ನಮ್ಮ ಮನೆಯಲ್ಲಿ ಗಂಡುಹುಡುಗರ ಸೋಮಾರಿತನ, ಅಷ್ಟೇ. ಇಪ್ಪತ್ತೆರಡನೇ ವಯಸ್ಸಿನಲ್ಲಿ ರೈಲು ಚಾಲಕನ ಪರೀಕ್ಷೆ ಪಾಸಾಗಿ, ಕೊನೆಯ ವೈದ್ಯಕೀಯ ತಪಾಸಣೆಯಲ್ಲಿ ಇಂಥದ್ದೇ ಪುಸ್ತಕದ ಮುಂದೆ ನಾನು ಮುಗ್ಗರಿಸಿದ್ದೆ. ಕೆಲಸ ಸಿಗಲಿಲ್ಲ ಎಂದಷ್ಟೇ ಮನೆಯಲ್ಲಿ ಹೇಳಿದೆ. ನಾಚಿಕೆಯಾಗಿತ್ತು.

"ಮನೇಲಿ ಬೇರೆ ಯಾರಿಗಾದ್ರೂ ಇದೆಯಾ? ತಾಯಿ ಕಡೆಯಿಂದ ಬರುತ್ತೆ," ಎಂದರು ಮೇಡಂ.

"ಇಲ್ಲ," ಎಂದಳು ಅಕ್ಕ.

"ನನಗಿದೆ," ಎಂದೆ.

ಅಕ್ಕ ನನ್ನತ್ತ ತಿರುಗಿದಳು. "ಯಾವಾಗಿಂದ ಗೊತ್ತು ನಿನಗೆ?"

"ಹದಿನೆಂಟು ವರ್ಷದಿಂದ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಪೆನ್ಸಿಲ್ ಡಬ್ಬಿಯ ಮುಚ್ಚಳ ಹಾಕಿ ಚೀಲಕ್ಕೆ ತುರುಕಿದಳು.

"ಹಾಗಾದ್ರೆ ನಾನು ರೈಲು ಓಡಿಸೋಕಾಗಲ್ವಾ ಮಾವ?" ಎಂದ ಹುಡುಗ. ಮೇಡಂ ಅವರನ್ನಲ್ಲ, ನನ್ನನ್ನೇ ಕೇಳಿದ.

"ಆಗಲ್ಲ ಅನ್ಸುತ್ತೆ ಕಣೋ ಅಳಿಯ."

"ಓಡಿಸೋರು ಒಬ್ಬರು. ಅದನ್ನ ಓಡೋ ಹಾಗೆ ಮಾಡೋರು ನೂರು ಜನ," ಎಂದರು ಮೇಡಂ. "ನಿನಗಿನ್ನೂ ಹದಿಮೂರು. ನಿಧಾನವಾಗಿ ನೋಡೋಣ ಬಾ."

ಮರುದಿನ ಡಾಕ್ಟರೂ ಅದನ್ನೇ ಹೇಳಿದರು. ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಭಾವ ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೆಯ ದಿನ ಊಟಕ್ಕೆ ಕುಳಿತಾಗ ಹುಡುಗ, "ಅಪ್ಪಾ, ಯಾವ ಗಾಡಿ ಎಷ್ಟೊತ್ತಿಗೆ ಹೊರಡಬೇಕು ಅಂತ ಗೊತ್ತು ಮಾಡೋರು ಯಾರು?" ಎಂದು ಕೇಳಿದ. ಭಾವ ತಟ್ಟೆ ಪಕ್ಕಕ್ಕೆ ಸರಿಸಿ ಹೇಳತೊಡಗಿದರು, ಅವನು ಕೇಳಿದ್ದೇ ಕೇಳಿದ್ದು.

ನನಗೆ ಸಂತೋಷವಾಯಿತು. ಸುಳ್ಳು ಯಾಕೆ, ಸ್ವಲ್ಪ ಹೊಟ್ಟೆಯೂ ಉರಿಯಿತು. ಹದಿಮೂರರಲ್ಲಿ ನನ್ನನ್ನು ಯಾರೂ ಆ ಮೇಡಂ ಹಾಗೆ ಕೂರಿಸಿಕೊಂಡು, ಮುಂದೆ ಏನಾಗ್ತೀಯ ಎಂದು ಕೇಳಿರಲಿಲ್ಲ.